ಓಲೆಗರಿ, ಕಡತ, ಹಳೆಯ ಅಚ್ಚಿನ ಪುಸ್ತಕ: ಕಾರವಾರದಲ್ಲೂ ಶಿರಸಿಯಲ್ಲೂ ಪ್ರದರ್ಶನಕ್ಕೆ ಇಡುವುದು ಹೇಗೆ?
(ಪ್ರತಿ ಮಾತಿನ ಮೇಲಿರುವುದು ಬರೆದವರ ಅಡ್ಡಹೆಸರು.)

ಗಂಗಾವಳಿ ದಂಡೆ
ಜನವರಿಯಲ್ಲಿ ಕಾರವಾರದಲ್ಲಿ ಮೂರು ವಾರ, ಫೆಬ್ರವರಿಯಲ್ಲಿ ಶಿರಸಿಯಲ್ಲಿ ಮೂರು ವಾರ. ಉತ್ತರ ಕನ್ನಡ ಜಿಲ್ಲೆಯ ಬರಹದ ಪರಂಪರೆಯನ್ನು ಜನರಿಗೆ ತೋರಿಸುವ ಪ್ರದರ್ಶನವೊಂದು ತಯಾರಾಗುತ್ತಿದೆ. ಒಪ್ಪಿಗೆ ಸಿಕ್ಕಿರುವ ವಸ್ತುಗಳು ಇವು: ಮನೆಗಳಿಂದ ಎರಡು ಓಲೆಗರಿ ಕಟ್ಟು, ಒಂದು ಕಡತ (ಕಪ್ಪು ಬಳಿದು ಮಡಚಿದ ಬಟ್ಟೆಯ ಪುಸ್ತಕ), ಬಾಸೆಲ್ ಮಿಷನ್ ಎಂಬ ಕ್ರೈಸ್ತ ಮಿಷನರಿ ಸಂಸ್ಥೆಯ ಅಚ್ಚಿನ ನಾಲ್ಕು ಪುಸ್ತಕ, ಯಕ್ಷಗಾನ ಮೇಳಗಳ ಹಳೆಯ ಬಣ್ಣದ ಕರಪತ್ರ, ಕೆಲವು ಜಮೀನು ಪತ್ರ. ಪೆಟ್ಟಿಗೆ ಆರು, ಪ್ರತಿಯೊಂದೂ 120 ಸೆಂ.ಮೀ. ಉದ್ದ, 60 ಅಗಲ, 30 ಎತ್ತರ. ಕಾರವಾರದ ಸಭಾಂಗಣ ಕಡಲಿಗೆ ಹತ್ತಿರ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯದಂಥ ಕಡೆ ಇದಕ್ಕೆಲ್ಲ ಪ್ರತ್ಯೇಕ ಪ್ರಯೋಗಾಲಯ ಇರುತ್ತದೆ, ಇಲ್ಲಿ ಅದು ಇಲ್ಲ. ತಾಲ್ಲೂಕು ಮಟ್ಟದ ಕೈ ಮತ್ತು ಹಣದಲ್ಲಿ ಏನೇನು ಸಾಧ್ಯ, ಯಾವುದಕ್ಕೆ ಮೊದಲ ಗಮನ ಕೊಡಬೇಕು?

ಸದಾಶಿವಗಡ
ಮೊದಲ ಗಮನ ತೇವಕ್ಕೆ. ಕರಾವಳಿಯಲ್ಲಿ ಉಳಿದದ್ದೆಲ್ಲ ಆಮೇಲೆ. ಗಾಳಿಯ ಸಾಪೇಕ್ಷ ತೇವಾಂಶ ಶೇ. 65 ದಾಟಿ ಕೆಲವು ದಿನ ನಿಂತಿತೆಂದರೆ ಬೂಷ್ಟು ಬರಲು ಅಷ್ಟು ಸಾಕು. ಜನವರಿ, ಫೆಬ್ರವರಿ ಆರಿಸಿಕೊಂಡದ್ದು ಸರಿಯಾಯಿತು, ಜೂನ್‌ನಿಂದ ಅಕ್ಟೋಬರ್ ತನಕ ಕಾರವಾರದಲ್ಲಿ ಮೂಲ ಪ್ರತಿಗಳನ್ನು ಹೊರಗಿಡುವ ಯೋಚನೆಯನ್ನೇ ಮಾಡಬಾರದು. ಆದರೆ ಚಳಿಗಾಲದಲ್ಲೂ ಬೆಳಗಿನ ಜಾವ ಕಡಲಂಚಿನ ತೇವ ಏರುತ್ತದೆ, ಮಧ್ಯಾಹ್ನ ಇಳಿಯುತ್ತದೆ. ಓಲೆ ಮತ್ತು ಕಾಗದ ದಿನಕ್ಕೊಮ್ಮೆ ಹಿಗ್ಗಿ ಕುಗ್ಗುತ್ತವೆ. ಬರಹದ ಪದರ ಸಡಿಲವಾಗುವುದು, ರಟ್ಟು ಬಾಗುವುದು ಈ ಏರಿಳಿತದಿಂದ.

ಸಭಾಂಗಣವನ್ನು ಪೂರ್ತಿ ಹತೋಟಿಗೆ ತರಲು ಹೋಗಬೇಡಿ, ಆಗದ ಕೆಲಸ. ಪೆಟ್ಟಿಗೆಯೊಳಗಿನ ಗಾಳಿಯನ್ನು ಹಿಡಿಯಿರಿ. ಪೆಟ್ಟಿಗೆ ಬಿಗಿಯಾಗಿ ಮುಚ್ಚುವಂತಿರಬೇಕು, ತಳದಲ್ಲಿ ಸಿಲಿಕಾ ಜೆಲ್ (ತೇವ ಹೀರುವ, ಬಿಡುವ ಹರಳು) ತಟ್ಟೆ, ಅದರ ಮೇಲೆ ತೂತಿರುವ ಹಲಗೆ, ಹಲಗೆಯ ಮೇಲೆ ವಸ್ತು. ಸಂಗ್ರಹಾಲಯಗಳಲ್ಲಿ ಬಳಸುವ ಲೆಕ್ಕ ಒಂದು ಘನ ಮೀಟರಿಗೆ ಸುಮಾರು 20 ಕಿಲೋ. ನಿಮ್ಮ ಪೆಟ್ಟಿಗೆ 0.216 ಘನ ಮೀಟರ್, ಅಂದರೆ ಒಂದಕ್ಕೆ 4.3 ಕಿಲೋ. ಆರಕ್ಕೆ ಸೇರಿ 26 ಕಿಲೋ. ಔಷಧಿ ಡಬ್ಬಿಯಲ್ಲಿ ಬರುವಂಥ ಪುಟ್ಟ ಚೀಲ ನಾಲ್ಕು ಹಾಕಿದರೆ ಏನೂ ಆಗುವುದಿಲ್ಲ.

ಇಲ್ಲಿ ಬಹಳ ಕಡೆ ತಪ್ಪುವುದು ಏನೆಂದರೆ, ಒಲೆಯಲ್ಲಿ ಪೂರ್ತಿ ಒಣಗಿಸಿದ ಜೆಲ್ ಅನ್ನೇ ನೇರವಾಗಿ ಪೆಟ್ಟಿಗೆಗೆ ಸುರಿಯುತ್ತಾರೆ. ಒಳಗಿನ ತೇವ ಶೇ. 30ಕ್ಕೂ ಕೆಳಗೆ ಕುಸಿಯುತ್ತದೆ, ಕರಾವಳಿಯ ಗಾಳಿಯಲ್ಲೇ ಬಾಳಿದ ಓಲೆ ಸುರುಳಿಯಾಗಿ ಸೀಳುತ್ತದೆ. ಜೆಲ್ ಅನ್ನು ಮೊದಲು ಹದಕ್ಕೆ ತರಬೇಕು. 120 ಡಿಗ್ರಿಯಲ್ಲಿ ಮೂರ್ನಾಲ್ಕು ತಾಸು ಒಣಗಿಸಿ, ತಣಿದ ಮೇಲೆ ತಟ್ಟೆಯಲ್ಲಿ ತೆಳ್ಳಗೆ ಹರಡಿ ಹೊರಗಿನ ಗಾಳಿ ಕುಡಿಯಲು ಬಿಡಿ, ಆಗಾಗ ಕೈಯಾಡಿಸಿ. ಆಮೇಲೆ ಮುಚ್ಚಳದ ಡಬ್ಬಿಗೆ ಹಾಕಿ, ಒಳಗೊಂದು ತೇವಮಾಪಕ ಇಟ್ಟು 24 ತಾಸು ಬಿಟ್ಟು ನೋಡಿ. 55ರಿಂದ 58 ತೋರಿಸಿದರೆ ಹದ. 65 ಇದ್ದರೆ ಸ್ವಲ್ಪ ಒಣ ಜೆಲ್ ಬೆರೆಸಿ, 45 ಇದ್ದರೆ ಮತ್ತೆ ಹರಡಿ. ಪುಸ್ತಕಗಳಲ್ಲಿ ಶೇ. 50 ಎಂದಿರುತ್ತದೆ. ನೂರಾರು ವರ್ಷ ಇಲ್ಲಿನ ಗಾಳಿಯಲ್ಲೇ ಇದ್ದ ವಸ್ತುವನ್ನು ಆರು ವಾರಕ್ಕಾಗಿ 50ಕ್ಕೆ ಎಳೆಯುವುದಕ್ಕಿಂತ 55ರ ಆಸುಪಾಸಿನಲ್ಲಿ ಅಲುಗಾಡದಂತೆ ಇಡುವುದು ಮೇಲು.

ಮಾಪಕ ಸರಿಯೇ ಎಂದು ಮೊದಲು ಪರೀಕ್ಷಿಸಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕರಗದೆ ಮುದ್ದೆಯಾಗುವಷ್ಟೇ ನೀರು ಹನಿಸಿ. ಅದನ್ನೂ ಮಾಪಕವನ್ನೂ ಗಾಳಿಯಾಡದ ಚೀಲದಲ್ಲಿ ಎಂಟು ತಾಸು ಇಡಿ. ಮಾಪಕ 75 ತೋರಿಸಬೇಕು. 70 ತೋರಿಸಿದರೆ ಅದರ ಮೇಲೆ "5 ಕೂಡಿಸು" ಎಂದು ಚೀಟಿ ಅಂಟಿಸಿ. ನೀಲಿ ಬಣ್ಣದ ಜೆಲ್ ತರಬೇಡಿ, ಅದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಕೈಗೂ ಉಸಿರಿಗೂ ಒಳ್ಳೆಯದಲ್ಲ.

ಗಂಗಾವಳಿ ದಂಡೆ
ಸಭಾಂಗಣದಲ್ಲಿ ಏಸಿ ಇದೆ, ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಹಾಕಬಹುದು ಎಂದಿದ್ದಾರೆ. ಪೆಟ್ಟಿಗೆಗಳನ್ನು ಹೊಸದಾಗಿ ಪ್ಲೈವುಡ್‌ನಲ್ಲಿ ಮಾಡಿಸಬೇಕು.

ಸದಾಶಿವಗಡ
ರಾತ್ರಿ ಆರಿಸುವ ಏಸಿ ಬೇಡವೇ ಬೇಡ. ಹಗಲು ತಣಿದ ಗೋಡೆ, ಗಾಜಿನ ಮೇಲೆ ಸಂಜೆ ಕಡಲ ಗಾಳಿ ತಾಗಿದರೆ ಬೆವರುತ್ತದೆ. 24 ತಾಸು ಓಡಿಸುವಂತಿದ್ದರೆ ಮಾತ್ರ ಹಾಕಿ, ಇಲ್ಲವಾದರೆ ಫ್ಯಾನ್ ಸಾಕು. ಪಶ್ಚಿಮದ ಕಿಟಕಿ ಮೂರು ವಾರವೂ ಮುಚ್ಚಿರಲಿ. ಬಿಸಿಲು ಒಂದು ಕಾರಣ. ಕಡಲ ಗಾಳಿಯಲ್ಲಿ ತೇಲಿ ಬರುವ ಉಪ್ಪು ಇನ್ನೊಂದು, ಅದು ತೇವ ಎಳೆದುಕೊಳ್ಳುತ್ತದೆ. ಪಿನ್ನು, ಸ್ಟೇಪಲ್, ಕ್ಲಿಪ್ಪು ಮೂರೇ ವಾರದಲ್ಲಿ ತುಕ್ಕು ಹಿಡಿದು ಹಾಳೆಗೆ ಕೆಂಪು ಕಲೆ ಬಿಡುತ್ತವೆ, ಹಾಗಾಗಿ ಪೆಟ್ಟಿಗೆಯೊಳಗೆ ಕಬ್ಬಿಣದ ವಸ್ತು ಒಂದೂ ಇರಬಾರದು.

ಪ್ಲೈವುಡ್ಡಿನ ಅಂಟಿನಿಂದ ಫಾರ್ಮಾಲ್ಡಿಹೈಡ್ ಬರುತ್ತದೆ, ಮುಚ್ಚಿದ ಪೆಟ್ಟಿಗೆಯಲ್ಲಿ ಅದು ಅಲ್ಲೇ ಸುತ್ತುತ್ತದೆ. ಮೆರೈನ್ ಪ್ಲೈನಲ್ಲಿ ಕಡಿಮೆ, ಮರದ ನಾರು ಒತ್ತಿ ಮಾಡಿದ ಎಂಡಿಎಫ್‌ನಲ್ಲಿ ಜಾಸ್ತಿ. ಮರದಿಂದಲೂ ಆಮ್ಲದ ಆವಿ ಹೊರಡುತ್ತದೆ. ಒಳಭಾಗಕ್ಕೆಲ್ಲ ಅಲ್ಯೂಮಿನಿಯಂ ಪದರವಿರುವ ಫಿಲ್ಮ್ ಹೊದಿಸಿ, ಅದರ ಮೇಲೆ ಎರಡು ಸಲ ಗಂಜಿ ಹೋಗುವಂತೆ ತೊಳೆದ ಬಿಳಿ ಹತ್ತಿ ಬಟ್ಟೆ ಹಾಸಿ. ಬಣ್ಣ ಹೊಡೆಯುವುದಿದ್ದರೆ ನಾಲ್ಕು ವಾರ ಮೊದಲೇ ಹೊಡೆದು ತೆರೆದಿಡಿ. ಗಾಜಿನ ಅಂಚಿಗೆ ಹಾಕುವ ಸಿಲಿಕೋನ್ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ಅಸಿಟಿಕ್ ಆಮ್ಲ ಬಿಡುವ ಜಾತಿ, ಅದು ಬೇಡ. ಅಂಗಡಿಯಲ್ಲಿ "ನ್ಯೂಟ್ರಲ್ ಕ್ಯೂರ್" ಎಂದು ಕೇಳಿ ತನ್ನಿ, ಬೆಲೆ ಸ್ವಲ್ಪ ಹೆಚ್ಚು.

ಶ್ರೀತಾಳೆ
ಓಲೆ ಮತ್ತು ಕಡತ ಎರಡನ್ನೂ ಒಂದೇ ರೀತಿ ನೋಡಬೇಡಿ, ಅವುಗಳ ಸ್ವಭಾವ ಬೇರೆ ಬೇರೆ.

ಓಲೆಯ ಅಕ್ಷರ ಕಂಠದಿಂದ (ಮೊನಚಾದ ಲೋಹದ ಬರೆಗೋಲು) ಕೊರೆದದ್ದು, ಕೊರೆದ ಗೀರಿನಲ್ಲಿ ಎಣ್ಣೆ ಬೆರೆಸಿದ ಕಾಡಿಗೆ ಕೂತಿದೆ. ಇಂಗಾಲಕ್ಕೆ ಬೆಳಕಿನ ಭಯವಿಲ್ಲ, ಭಯವಿರುವುದು ಓಲೆಗೆ. ಶ್ರೀತಾಳೆಯ ಓಲೆ ತೆಳು, ಬಾಗುವ ಗುಣ ಇದೆ. ಸಾದಾ ತಾಳೆಯದು ದಪ್ಪ, ಬೇಗ ಒರಟಾಗುತ್ತದೆ. ಎರಡೂ ಒಣಗಿದರೆ ಮೊದಲು ಸೀಳುವುದು ದಾರದ ತೂತಿನ ಬಳಿ. ಕಟ್ಟನ್ನು ಬೀಸಣಿಗೆಯಂತೆ ಬಿಡಿಸಿ ತೋರಿಸುವ ರೂಢಿ ಫೋಟೊದಲ್ಲಿ ಚಂದ, ಆದರೆ ಪೂರ್ತಿ ಭಾರ ತೂತಿನ ಮೇಲೆ ಬೀಳುತ್ತದೆ. ಹಾಗೆ ಮಾಡಬೇಡಿ. ಹಳೆಯ ದಾರವನ್ನು ಬಿಚ್ಚದೆ ಸಡಿಲಿಸಿ, ಮೇಲಿನ ನಾಲ್ಕೈದು ಗರಿಗಳನ್ನು ಮೆಟ್ಟಿಲಿನಂತೆ ಒಂದೊಂದು ಸೆಂ.ಮೀ. ಸರಿಸಿ ಇಡಿ, ಕೆಳಗೆ ಪೂರ್ತಿ ಉದ್ದಕ್ಕೂ ಆಧಾರ ಇರಲಿ. ಗರಿ ಅಂಟಿಕೊಂಡಿದ್ದರೆ ಚಾಕು, ಉಗುರು ಹಾಕಿ ಬಿಡಿಸಬೇಡಿ, ಆ ಕಟ್ಟನ್ನು ಹಾಗೇ ಇಟ್ಟು ತೋರಿಸಿ. ಲ್ಯಾಮಿನೇಶನ್ ಮಾತಂತೂ ಎತ್ತಲೇಬೇಡಿ.

ಕಡತ ಇನ್ನೂ ನಾಜೂಕು. ಬಟ್ಟೆಗೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಮಡಚಿ, ಬಳಪದಿಂದ ಬರೆದದ್ದು ಅದು. ಅಳಿಸಿ ಮತ್ತೆ ಬರೆಯಲೆಂದೇ ಮಾಡಿದ ವಸ್ತು. ಹಾಗಾಗಿ ಬೆರಳು ತಾಗಿದರೆ ಬರಹ ಹೋಗುತ್ತದೆ, ಒರೆಸುವ ಹಾಗಿಲ್ಲ, ಬ್ರಷ್ ಆಡಿಸುವ ಹಾಗಿಲ್ಲ. ಹುಣಸೆ ಅಂಟು ಬೂಷ್ಟಿಗೂ ಹುಳಕ್ಕೂ ಊಟ. ಇದರ ಪೆಟ್ಟಿಗೆಗೆ ಅಕ್ರಿಲಿಕ್ ಮುಚ್ಚಳ ಹಾಕಬೇಡಿ, ಗಾಜೇ ಆಗಬೇಕು. ಅಕ್ರಿಲಿಕ್ ಒರೆಸಿದಾಗ ಅದರಲ್ಲಿ ಸ್ಥಿರ ವಿದ್ಯುತ್ ಹುಟ್ಟಿ ಬಳಪದ ಪುಡಿಯನ್ನು ಮೇಲಕ್ಕೆಳೆಯುತ್ತದೆ. ಮಡಿಕೆಯನ್ನು ಪೂರ್ತಿ ಚಪ್ಪಟೆ ಮಾಡಬೇಡಿ, ಎರಡೇ ಮುಖ ತೆರೆದು, ಮಡಿಕೆಯ ಒಳಗೆ ಹತ್ತಿ ಬಟ್ಟೆಯ ಸುರುಳಿ ಕೊಟ್ಟು ದುಂಡಗೆ ಬಾಗುವಂತೆ ಇಡಿ.

ಕುಮಟಾ ಪೇಟೆ
ಓಲೆಗೆ ಲಿಂಬೆಹುಲ್ಲಿನ ಎಣ್ಣೆ ಸವರಿ ಇಟ್ಟರೆ ಹುಳ ಬರುವುದಿಲ್ಲ, ಅಕ್ಷರವೂ ಚೆನ್ನಾಗಿ ಕಾಣುತ್ತದೆ. ಪೆಟ್ಟಿಗೆಯ ಮೂಲೆಯಲ್ಲಿ ನಾಲ್ಕು ನುಸಿಗುಳಿಗೆ ಇಟ್ಟರೆ ಸಾಕಲ್ಲ?

ಶ್ರೀತಾಳೆ
ಎಣ್ಣೆಯ ರೂಢಿ ಹಳೆಯದು, ತಜ್ಞರ ಕೈಯಲ್ಲಿ ಈಗಲೂ ಇದೆ. ಆದರೆ ಪ್ರದರ್ಶನಕ್ಕೆ ಮುನ್ನ ಅಲ್ಲ. ಗರಿಯ ಕಾಡಿಗೆ ಗಟ್ಟಿಯಾಗಿ ಕೂತಿದೆಯೇ ಎಂದು ನೋಡದೆ ಎಣ್ಣೆ ಉಜ್ಜಿದರೆ ಅದು ಕರಗಿ ಗರಿಯೆಲ್ಲ ಮಸಿಯಾಗುತ್ತದೆ. ಹೊಸದಾಗಿ ಎಣ್ಣೆ ಕಂಡ ಗರಿ ಧೂಳನ್ನು ಹಿಡಿಯುತ್ತದೆ, ಒಂದಕ್ಕೊಂದು ಅಂಟುತ್ತದೆ. ಬಣ್ಣದ ಚಿತ್ರವಿದ್ದರೆ ಎಣ್ಣೆಯ ಹತ್ತಿರವೂ ಒಯ್ಯಬಾರದು.

ನುಸಿಗುಳಿಗೆ ಇಡಬೇಡಿ. ಹುಳದ ಮೊಟ್ಟೆಗೆ ಅದು ಏನೂ ಮಾಡದು, ಮುಚ್ಚಿದ ಪೆಟ್ಟಿಗೆಯಲ್ಲಿ ಆವಿ ತುಂಬಿ, ತೆರೆಯುವವರ ಶ್ವಾಸಕ್ಕೆ ಕೆಡುಕು. ಹುಳಕ್ಕೆ ಮದ್ದು ಪ್ರತ್ಯೇಕವಾಸ. ಮನೆಯಿಂದ ಬಂದ ಪ್ರತಿ ವಸ್ತುವನ್ನೂ ಪಾರದರ್ಶಕ ಪಾಲಿಥಿನ್ ಚೀಲದಲ್ಲಿ ಬಿಳಿ ಹಾಳೆಯ ಮೇಲಿಟ್ಟು, ಬಾಯಿ ಮುಚ್ಚಿ, ಮೂರು ವಾರ ಬೇರೆ ಕೋಣೆಯಲ್ಲಿ ಇಡಿ. ಕೋಣೆಯಲ್ಲಿ ಫ್ಯಾನ್ ಓಡಲಿ, ವಸ್ತು ಒದ್ದೆಯೆನಿಸಿದರೆ ಚೀಲಕ್ಕೆ ಹಾಕುವ ಮೊದಲು ನೆರಳಿನಲ್ಲಿ ಗಾಳಿಗಿಡಿ. ಹಾಳೆಯ ಮೇಲೆ ನುಣ್ಣಗಿನ ಹುಡಿ ಬಿದ್ದರೆ ಒಳಗೆ ಹುಳ ಬದುಕಿದೆ. ಆಗ ಚೀಲದ ಗಾಳಿ ತೆಗೆದು, ಇನ್ನೊಂದು ಚೀಲ ಹಾಕಿ, ಡೀಪ್ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ 14 ದಿನ. ಹೊರತೆಗೆದ ಮೇಲೆ 24 ತಾಸು ಚೀಲ ಬಿಚ್ಚಬಾರದು, ಬಿಚ್ಚಿದರೆ ವಸ್ತುವಿನ ಮೇಲೆಯೇ ನೀರು ಕಟ್ಟುತ್ತದೆ. ಕಡತಕ್ಕೆ, ಬಣ್ಣದ ಅರಗು ಹಚ್ಚಿದ ಹಲಗೆಗೆ ಈ ಉಪಾಯ ಬೇಡ.

ಕೆಂಪು ವಸ್ತ್ರ ಸುತ್ತುವವರು ಒದ್ದೆ ಬಿಳಿ ಬಟ್ಟೆಯಿಂದ ಮೂಲೆ ಉಜ್ಜಿ ನೋಡಿ. ಬಣ್ಣ ಬಿಟ್ಟರೆ ಆ ವಸ್ತ್ರ ಓಲೆಗೆ ತಾಗಬಾರದು.

ದೇವಿಮನೆ ಘಟ್ಟ
ಬೆಳಕಿನ ಬಗ್ಗೆ ಯಾರೂ ಹೇಳಿಲ್ಲ. ಪಟ್ಟಿಯಲ್ಲಿ ಬೆಳಕಿಗೆ ಎಲ್ಲಕ್ಕಿಂತ ಬೇಗ ಸೋಲುವುದು ಯಕ್ಷಗಾನದ ಬಣ್ಣದ ಕರಪತ್ರ. ಅಗ್ಗದ ಕಾಗದ, ಮರದ ತಿರುಳಿನ ಲಿಗ್ನಿನ್ (ಬೆಳಕಿಗೆ ಕಾಗದವನ್ನು ಹಳದಿಯಾಗಿಸುವ ಅಂಶ) ಹಾಗೇ ಉಳಿದದ್ದು, ಗುಲಾಬಿ, ಹಳದಿ ಬಣ್ಣಗಳೂ ಹಾರಿಹೋಗುವಂಥವು. ಓಲೆ ಹಳೆಯದೆಂದು ಅದಕ್ಕೆ ಮಾತ್ರ ಕತ್ತಲೆ ಕೊಟ್ಟು, ಕರಪತ್ರ ಈಚಿನದೆಂದು ಬಾಗಿಲ ಬಳಿಯ ಫಲಕಕ್ಕೆ ಅಂಟಿಸಿದರೆ ಉಲ್ಟಾ ಆಗುತ್ತದೆ.

ಮಿತಿ 50 ಲಕ್ಸ್ (ವಸ್ತುವಿನ ಮೇಲೆ ಬೀಳುವ ಬೆಳಕಿನ ಅಳತೆ). ದಿನಕ್ಕೆ ಎಂಟು ತಾಸು, 21 ದಿನ ಎಂದರೆ 8,400 ಲಕ್ಸ್-ತಾಸು, ಎರಡು ಊರು ಸೇರಿ 16,800. ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಪಶ್ಚಿಮದ ಕಿಟಕಿಯಿಂದ ಒಂದು ತಾಸು ಬಿಸಿಲು ಬಿದ್ದರೆ 50 ಲಕ್ಸಿನ 250 ದಿನಗಳ ಪ್ರದರ್ಶನಕ್ಕೆ ಸಮ. ಮೊಬೈಲ್ ಆ್ಯಪ್ ನಂಬಬೇಡಿ, ಲಕ್ಸ್ ಮೀಟರ್ ತಂದು ವಸ್ತು ಇರುವ ಜಾಗದಲ್ಲೇ ಅಳೆಯಿರಿ. ಹಳೆಯ ಟ್ಯೂಬ್‌ಲೈಟ್ ತೆಗೆದು ಎಲ್‌ಇಡಿ ಹಾಕಿ, ನೇರಳಾತೀತ ಕಿರಣ ಬಹುಮಟ್ಟಿಗೆ ತಪ್ಪುತ್ತದೆ. ದೀಪ ಪೆಟ್ಟಿಗೆಯ ಒಳಗಿರಬಾರದು, ಒಳಗೆ ಕಾವು ಏರಿ ತೇವದ ಲೆಕ್ಕ ಕೆಡುತ್ತದೆ. 50 ಲಕ್ಸ್ ಹೊರಗಿಂದ ಬಂದವರಿಗೆ ಕತ್ತಲೆ ಎನಿಸುತ್ತದೆ. ಬಾಗಿಲಿನಿಂದ ಪೆಟ್ಟಿಗೆಯವರೆಗೆ ಬೆಳಕು ಹಂತಹಂತವಾಗಿ ಇಳಿಯುವಂತೆ ಮಾಡಿದರೆ ಕಣ್ಣು ಹೊಂದಿಕೊಳ್ಳುತ್ತದೆ.

ಬಾಸೆಲ್ ಮಿಷನ್ ಪುಸ್ತಕ 180 ಡಿಗ್ರಿ ತೆರೆದಿಟ್ಟರೆ ಬೆನ್ನು ಮುರಿಯುತ್ತದೆ. 90ರಿಂದ 120 ಡಿಗ್ರಿಯ ತೊಟ್ಟಿಲು ಮಾಡಿ, ಎರಡೂ ರಟ್ಟಿಗೆ ಆಧಾರ ಕೊಡಿ. ಹಾಳೆ ಹಿಡಿಯಲು ಒಂದು ಸೆಂ.ಮೀ. ಅಗಲದ ಪಾಲಿಥಿನ್ ಪಟ್ಟಿಯನ್ನು ಪುಟ ಮತ್ತು ರಟ್ಟು ಸುತ್ತಿ ತಂದು, ಪಟ್ಟಿಯ ತುದಿಯನ್ನು ಪಟ್ಟಿಗೇ ಅಂಟಿಸಬೇಕು. ಟೇಪು ಹಾಳೆಗೆ ತಾಗಬಾರದು. ಶಿರಸಿಗೆ ಹೋದಾಗ ಬೇರೆ ಪುಟ ತೆರೆಯಿರಿ, ಒಂದೇ ಪುಟ ಎಲ್ಲ ಬೆಳಕನ್ನೂ ತಿನ್ನುವುದು ತಪ್ಪುತ್ತದೆ.

ಸೋದೆ ದಾರಿ
ಕರಪತ್ರವನ್ನು ಹಾಗಾದರೆ ಮೂಲವಾಗಿ ಇಡುವುದೇ ಬೇಡ ಎನ್ನುತ್ತೇನೆ. ಒಳ್ಳೆಯ ಮುದ್ರಣದ ನಕಲನ್ನೇ ಗೋಡೆಗೆ ಹಾಕಿ, ಫಲಕದಲ್ಲಿ "ನಕಲು" ಎಂದು ದೊಡ್ಡದಾಗಿ ಬರೆಯಿರಿ. ಜಮೀನು ಪತ್ರಕ್ಕೂ ಅದೇ. ಮೂಲವಾಗಿ ಓಲೆ, ಕಡತ, ಎರಡು ಪುಸ್ತಕ ಸಾಕು. ಆರು ಪೆಟ್ಟಿಗೆ ತುಂಬಲೇಬೇಕೆಂಬ ಹಟ ಬೇಡ.

ಕುಮಟಾ ಪೇಟೆ
ನಕಲು ನೋಡಲು ಜನ ಯಾಕೆ ಬರಬೇಕು? ಅದು ಮೊಬೈಲಿನಲ್ಲೂ ಸಿಗುತ್ತದೆ. ಮೂಲದ ಮುಂದೆ ನಿಂತಾಗ ಸಿಗುವ ಅನುಭವ ಬೇರೆ.

ಸೋದೆ ದಾರಿ
ಒಪ್ಪುತ್ತೇನೆ, ಅದಕ್ಕೇ ಮೂಲ ಪೂರ್ತಿ ಬೇಡ ಎನ್ನಲಿಲ್ಲ. ಆದರೆ ನಕಲು ಮಾಡುವ ಕೆಲಸವನ್ನು ಮೂಲ ಮಾಡಲಾರದು. ಕಡತದ ಎರಡು ಮುಖ ಗಾಜಿನೊಳಗೆ, ಅದರ ಎಲ್ಲ ಮುಖಗಳ ದೊಡ್ಡ ನಕಲು ಪಕ್ಕದ ಗೋಡೆಯಲ್ಲಿ, ಕೆಳಗೆ ಇಂದಿನ ಕನ್ನಡ ಲಿಪಿಯಲ್ಲಿ ಓದು. ಹೀಗಿದ್ದರೆ ನೋಡಲು ಬಂದವರು ಓದಲು ನಿಲ್ಲುತ್ತಾರೆ. ಗೇಣಿ, ಅಡಿಕೆ, ಮೆಣಸಿನ ಲೆಕ್ಕ ನೋಡಿದ ಕೃಷಿಕರು ತಮ್ಮೂರಿನ ಅಳತೆಯ ಜೊತೆ ಹೋಲಿಸುತ್ತಾರೆ, ಮಾತು ಅಲ್ಲಿಂದಲೇ ಶುರು.

ಇನ್ನೊಂದು ಮುಖ್ಯ ವಿಷಯ. ನಮ್ಮ ಜಿಲ್ಲೆಯ ಸಂಗ್ರಹ ಇರುವುದು ಒಂದು ಕಟ್ಟಡದಲ್ಲಲ್ಲ, ಮನೆಗಳ ಮೆತ್ತಿನಲ್ಲಿ. ಪ್ರದರ್ಶನದ ನಿಜವಾದ ಫಲ ಆರು ಪೆಟ್ಟಿಗೆಯಲ್ಲ, ಅದನ್ನು ನೋಡಿ "ನಮ್ಮನೆಯಲ್ಲೂ ಇಂಥದ್ದಿದೆ" ಎಂದು ಮುಂದೆ ಬರುವವರ ಪಟ್ಟಿ. ಹಾಗಾಗಿ ಶಿರಸಿಯಲ್ಲಿ ಎರಡು ಭಾನುವಾರ "ಮನೆಯ ಹಸ್ತಪ್ರತಿ ತನ್ನಿ" ದಿನ ಇಡಿ. ಕಡ್ಡಾಯವಾಗಿ ಪ್ರದರ್ಶನದ ಕೋಣೆಯಿಂದ ದೂರದ ಜಾಗದಲ್ಲಿ, ಇಲ್ಲವಾದರೆ ಯಾರದೋ ಮನೆಯ ಹುಳ ಪೆಟ್ಟಿಗೆ ಸೇರುತ್ತದೆ.

ಮೊದಲ ಮೇಜಿನಲ್ಲಿ ದಾಖಲೆ: ಕ್ರಮಸಂಖ್ಯೆ, ಊರು, ಉದ್ದ ಅಗಲ, ಗರಿಗಳ ಎಣಿಕೆ, ಲಿಪಿ, ಭಾಷೆ. ಲಿಪಿಗೂ ಭಾಷೆಗೂ ಎರಡು ಪ್ರತ್ಯೇಕ ಕಲಂ ಇಡದಿದ್ದರೆ ಇಡೀ ಪಟ್ಟಿ ಕೆಟ್ಟಂತೆಯೇ. ಹವ್ಯಕರ ಮನೆಗಳಲ್ಲಿ ಸಂಸ್ಕೃತ ಪಠ್ಯ ತಿಗಳಾರಿ ಲಿಪಿಯಲ್ಲಿ ಇರುತ್ತದೆ, ಮಾಧ್ವ ಮೂಲದ ಕಟ್ಟುಗಳಲ್ಲಿ ನಂದಿನಾಗರಿ ಸಿಗುತ್ತದೆ. ಅಕ್ಷರದ ಹೋಲಿಕೆ ನೋಡಿದವರು "ಮಲಯಾಳಂ" ಎಂದು ಬರೆದುಬಿಟ್ಟ ತಿಗಳಾರಿ ಕಟ್ಟನ್ನು ಆಮೇಲೆ ಹುಡುಕುವವರು ಯಾರು? ನಂದಿನಾಗರಿ 2019ರಲ್ಲಿ, ತುಳು-ತಿಗಳಾರಿ 2024ರಲ್ಲಿ ಯೂನಿಕೋಡ್ ಸೇರಿವೆ, ಗಣಕದಲ್ಲಿ ಶೀರ್ಷಿಕೆಯನ್ನು ಮೂಲ ಲಿಪಿಯಲ್ಲೇ ದಾಖಲಿಸುವ ದಾರಿ ತೆರೆದಿದೆ. ಎರಡನೆಯ ಮೇಜಿನಲ್ಲಿ ಸ್ಥಿತಿ ನೋಡುವುದು, ಮೂರನೆಯದರಲ್ಲಿ ಮೊದಲ, ಕೊನೆಯ ಗರಿಗಳ ಫೋಟೊ. ಬರೆದವರ ಹೆಸರು, ಸಂವತ್ಸರ ಇರುವುದು ಸಾಮಾನ್ಯವಾಗಿ ಕೊನೆಯ ಗರಿಯಲ್ಲಿ. ಅದೇ ದಿನ ವಸ್ತು ಮರಳಿ ಮನೆಗೆ. ಬೆಲೆ ಕಟ್ಟುವುದು, ಕೊಳ್ಳುವುದು, ಇರಿಸಿಕೊಳ್ಳುವುದು ಮೂರೂ ಇಲ್ಲ ಎಂದು ಕರೆಯೋಲೆಯಲ್ಲೇ ಬರೆಯಿರಿ. ಆ ಒಂದು ಸಾಲು ಇದ್ದರೆ ಜನ ಧೈರ್ಯವಾಗಿ ತರುತ್ತಾರೆ.

ನವರಾತ್ರಿಯಲ್ಲಿ ಪೂಜೆಗಿಟ್ಟ ಕಟ್ಟುಗಳ ಮೇಲೆ ಅರಿಶಿನ, ಕುಂಕುಮ ಇರುತ್ತದೆ. ಒರೆಸಲು ಹೋಗಬೇಡಿ, ಒದ್ದೆ ಬಟ್ಟೆಯಂತೂ ಬೇಡವೇ ಬೇಡ. ಕೆಲವರು ಕಟ್ಟು ಬಿಚ್ಚುವುದನ್ನು ಒಪ್ಪುವುದಿಲ್ಲ. ಹೊರಗಿನಿಂದ ಅಳತೆ ಬರೆದುಕೊಂಡು ನಮಸ್ಕಾರ ಹೇಳಿ ಕಳಿಸಿ.

ದೇವಿಮನೆ ಘಟ್ಟ
ಫೋಟೊ ಲೆಕ್ಕ ಸೇರಿಸುತ್ತೇನೆ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 6000 × 4000. 45 ಸೆಂ.ಮೀ. ಗರಿಯನ್ನು ಇಂಚಿಗೆ 400 ಪಿಕ್ಸೆಲ್‌ನಲ್ಲಿ ತೆಗೆಯಲು 7,087 ಪಿಕ್ಸೆಲ್ ಉದ್ದ ಬೇಕು, ಒಂದೇ ಚಿತ್ರದಲ್ಲಿ ಆಗುವುದಿಲ್ಲ. 300ಕ್ಕೆ ಇಳಿದರೆ 50 × 33 ಸೆಂ.ಮೀ. ಜಾಗ ಸಿಗುತ್ತದೆ, ಐದು ಗರಿ ಒಂದರ ಕೆಳಗೊಂದು ಹಿಡಿಸುತ್ತವೆ. ಅಳತೆಪಟ್ಟಿ, ಬಣ್ಣದ ಪಟ್ಟಿ, ಕ್ರಮಸಂಖ್ಯೆ ಪ್ರತಿ ಚಿತ್ರದಲ್ಲೂ ಇರಲಿ. ದೀಪ ಎರಡೂ ಬದಿಯಿಂದ 45 ಡಿಗ್ರಿ. ಕಾಡಿಗೆ ಉದುರಿ ಗೀರು ಮಾತ್ರ ಉಳಿದ ಗರಿಗೆ ಒಂದು ದೀಪ ಆರಿಸಿ, ಇನ್ನೊಂದನ್ನು ಮೇಜಿನ ಮಟ್ಟಕ್ಕೆ ಇಳಿಸಿ ಓರೆಯಾಗಿ ಹಾಯಿಸಿದರೆ ಅಕ್ಷರ ನೆರಳಾಗಿ ಏಳುತ್ತದೆ, ಹೊಸ ಮಸಿ ಹಚ್ಚುವ ಅಗತ್ಯವೇ ಇಲ್ಲ.

200 ಗರಿಯ ಕಟ್ಟಿಗೆ 400 ಮುಖ, 80 ಚಿತ್ರ. ಟಿಫ್ (ಕುಗ್ಗಿಸದ ಚಿತ್ರ) ಫೈಲ್ ಒಂದಕ್ಕೆ 72 ಎಂಬಿ, ಒಟ್ಟು 5.8 ಜಿಬಿ. ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಊರಿನಲ್ಲಿ. ಕಾರವಾರದ್ದಾದರೆ ಆ ಒಂದು ಪ್ರತಿ ಘಟ್ಟದ ಮೇಲಿರಲಿ.

ಕಾಳಿ ಸಂಗಮ
ಕಾಗದಪತ್ರದ ಕಡೆಗೂ ನೋಡಿ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಉಳಿದ ವಸ್ತುಗಳಿಗೆ ನೂರು ವರ್ಷ ಎಂದಿದ್ದರೂ, ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಮೌಲ್ಯವಿರುವ ಹಸ್ತಪ್ರತಿಗೆ 75 ವರ್ಷ ತುಂಬಿದರೆ ಸಾಕು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಸಾಲವಾಗಿ ತರುವಾಗ ಎರಡು ಪ್ರತಿ ಒಪ್ಪಂದ ಮಾಡಿ: ಯಾರಿಂದ, ಎಷ್ಟು ದಿನ, ಫೋಟೊ ತೆಗೆಯಲು ಒಪ್ಪಿಗೆ ಇದೆಯೇ, ಫೋಟೊ ಎಲ್ಲಿ ಪ್ರಕಟವಾಗಬಹುದು, ಮನೆಯ ಹೆಸರು ಫಲಕದಲ್ಲಿ ಬರಬೇಕೇ ಬೇಡವೇ. ಬೇಡ ಎನ್ನುವವರು ಬಹಳ, ಕಳ್ಳರ ಭಯಕ್ಕೆ. ವಿಮೆ ಮನೆಯ ಹೊಸ್ತಿಲು ದಾಟಿದಲ್ಲಿಂದ ಮರಳಿ ಹೊಸ್ತಿಲು ಸೇರುವ ತನಕ ಇರಬೇಕು, ಸಭಾಂಗಣದೊಳಗೆ ಮಾತ್ರ ಇದ್ದರೆ ಸಾಲದು. ತರುವಾಗಲೂ ಮರಳಿಸುವಾಗಲೂ ಮಾಲೀಕರ ಎದುರೇ ಸ್ಥಿತಿಪತ್ರ ತುಂಬಿ, ಪ್ರತಿ ಸೀಳು, ತೂತು, ಕಲೆಯ ಫೋಟೊ ಜೊತೆಗೆ.

ಹಕ್ಕುಸ್ವಾಮ್ಯ: ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ. ಕಾರವಾರ ಎಂದ ಮೇಲೆ ರವೀಂದ್ರನಾಥ ಟ್ಯಾಗೋರರ ಫಲಕ ಇರಲೇಬೇಕು. ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ಬಂದು ಉಳಿದವರು. ರವೀಂದ್ರನಾಥರು ತೀರಿಕೊಂಡದ್ದು 1941ರಲ್ಲಿ. ಅವರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೇ ಭಾರತ ಅವಧಿಯನ್ನು 50ರಿಂದ 60ಕ್ಕೆ ಏರಿಸಿದ್ದು, ಅದೂ 2001ರ ಕೊನೆಗೆ ತೀರಿತು. ಹಾಗಾಗಿ ಅವರ ಮೂಲ ಸಾಲುಗಳನ್ನು ಮುದ್ರಿಸಲು ತೊಡಕಿಲ್ಲ, ಅನುವಾದಕರ ಹಕ್ಕನ್ನು ಮಾತ್ರ ಪ್ರತ್ಯೇಕವಾಗಿ ನೋಡಿ.

ಹಳೆಯ ದಾಖಲೆ ಎಲ್ಲಿ ಹುಡುಕಬೇಕೆಂಬ ಗೊಂದಲವೂ ಇದೆ. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅದಕ್ಕೂ ಹಿಂದಿನ ಆಡಳಿತ ಕಾಗದಕ್ಕೆ ಚೆನ್ನೈ, ಆಮೇಲಿನದಕ್ಕೆ ಮುಂಬಯಿ ಪತ್ರಾಗಾರ. 1883ರ ಕೆನರಾ ಗೆಜೆಟಿಯರ್ ಮುಂಬಯಿ ಸರಣಿಯಲ್ಲಿ ಬಂದದ್ದೂ ಇದೇ ಕಾರಣಕ್ಕೆ. ಬಾಸೆಲ್ ಮಿಷನ್ ಅಚ್ಚಿನ ಹಲವು ಕನ್ನಡ ಪುಸ್ತಕಗಳನ್ನು ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಗುಂಡರ್ಟ್ ಹೆಸರಿನ ಜಾಲತಾಣದಲ್ಲಿ ತೆರೆದಿಟ್ಟಿದೆ. ನಿಮ್ಮ ಪ್ರತಿಯಲ್ಲಿ ಹರಿದ ಪುಟ ಅಲ್ಲಿ ಪೂರ್ತಿ ಸಿಗಬಹುದು.

ಒತ್ತಕ್ಷರ
ಫಲಕಗಳ ಬಗ್ಗೆ. ಇಂಗ್ಲಿಷ್ ಮಾದರಿಯ ಸಾಲಿನ ಅಂತರವನ್ನು ಕನ್ನಡಕ್ಕೆ ಹಾಕಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸು, ದೀರ್ಘಕ್ಕೆ ತಾಗುತ್ತದೆ. ಅಕ್ಷರದ ಅಳತೆಯ ಒಂದೂವರೆ ಪಟ್ಟಿಗಿಂತ ಕಡಿಮೆ ಅಂತರ ಬೇಡ. ಮುಖ್ಯ ಫಲಕಕ್ಕೆ 36 ಪಾಯಿಂಟ್, ವಸ್ತುವಿನ ಚೀಟಿಗೆ 24. 50 ಲಕ್ಸಿನಲ್ಲಿ ತೆಳು ಗೆರೆಯ ಫಾಂಟು ಮಾಯವಾಗುತ್ತದೆ, ಗೆರೆ ಸಮನಾಗಿ ದಪ್ಪವಿರುವುದನ್ನು ಆರಿಸಿ. ಹೊಳಪಿನ ಲ್ಯಾಮಿನೇಶನ್ ಬೇಡ, ದೀಪ ಪ್ರತಿಫಲಿಸಿ ಓದಲಾಗುವುದಿಲ್ಲ. ಚೀಟಿಗೆ 40 ಪದ ಸಾಕು: ಏನು, ಯಾವುದರಿಂದ ಮಾಡಿದ್ದು, ಯಾವ ಲಿಪಿ, ಯಾವ ಭಾಷೆ, ಒಂದು ಸಾಲಿನ ಓದು. ಕಾಲ ಗೊತ್ತಿಲ್ಲದಿದ್ದರೆ "ಕಾಲ ತಿಳಿದಿಲ್ಲ" ಎಂದೇ ಹಾಕಿ, "ಸಾವಿರಾರು ವರ್ಷ ಹಳೆಯ" ಎಂಬ ಮಾತು ಯಾವ ಕಾರಣಕ್ಕೂ ಬರಬಾರದು. ನಮ್ಮ ಹವೆಯಲ್ಲಿ ಓಲೆ ಅಷ್ಟು ಬಾಳುವುದಿಲ್ಲ, ಅದರ ಬರಹ ಬಾಳುತ್ತಿದ್ದುದು ಮತ್ತೆ ಮತ್ತೆ ಪ್ರತಿ ಮಾಡಿದ್ದರಿಂದ.

ಕಾರವಾರದಲ್ಲಿ ಕೊಂಕಣಿ ಫಲಕವೂ ಇರಲಿ. ದೇವನಾಗರಿ, ಕನ್ನಡ ಎರಡೂ ಲಿಪಿಯಲ್ಲಿ ಓದುವವರಿದ್ದಾರೆ, ಒಂದನ್ನೇ ಆರಿಸಿ ಇನ್ನೊಬ್ಬರನ್ನು ಹೊರಗಿಡಬೇಡಿ.

ಕಾಳಿ ಸಂಗಮ
ಯಕ್ಷಗಾನದ ಕರಪತ್ರಕ್ಕೆ ಮತ್ತೆ ಬರುತ್ತೇನೆ. 1954ರ ಪುಸ್ತಕ ಸಲ್ಲಿಕೆ ಕಾಯ್ದೆಯಂತೆ ಪ್ರಕಾಶಕರು ಪ್ರಕಟಣೆಯ 30 ದಿನದೊಳಗೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬಯಿ, ದೆಹಲಿಯ ಗ್ರಂಥಾಲಯಗಳಿಗೂ ಸ್ವಂತ ಖರ್ಚಿನಲ್ಲಿ ಒಂದೊಂದು ಪ್ರತಿ ಕಳಿಸಬೇಕು. ಕಲ್ಕತ್ತೆಯಲ್ಲಿ ಕನ್ನಡಕ್ಕೇ ಪ್ರತ್ಯೇಕ ವಿಭಾಗ ಇದೆ. ತಪ್ಪಿದರೆ ದಂಡ 50 ರೂಪಾಯಿ ತನಕ, ಜೊತೆಗೆ ಪುಸ್ತಕದ ಬೆಲೆ. ಹಾಗಾಗಿ ಹಲವರು ಗಮನಿಸುವುದೇ ಇಲ್ಲ. ಪ್ರಸಂಗ ಪುಸ್ತಕ, ಊರ ದೇವಸ್ಥಾನದ ಚರಿತ್ರೆ, ಶಾಲೆಯ ಶತಮಾನ ಸಂಚಿಕೆ ಇಲ್ಲೇ ಅಚ್ಚಾಗಿ ಇಲ್ಲೇ ಗೆದ್ದಲು ಪಾಲಾಗುತ್ತವೆ. ಪ್ರದರ್ಶನದಲ್ಲಿ ಒಂದು ಮೇಜು ಇಟ್ಟು ನಾಲ್ಕು ವಿಳಾಸ, ಕಳಿಸುವ ಕ್ರಮ ಬರೆದ ಚೀಟಿ ಕೊಡಿ.

ಕಾಯ್ದೆಯ "ಪುಸ್ತಕ" ಎಂಬ ವ್ಯಾಖ್ಯೆಯಲ್ಲಿ ಕಿರುಹೊತ್ತಗೆ, ನಕ್ಷೆ, ಸಂಗೀತದ ಹಾಳೆ ಇವೆ, ಮೇಳದ ಕರಪತ್ರ ಇಲ್ಲ. ಅದನ್ನು ರಾಷ್ಟ್ರೀಯ ಗ್ರಂಥಾಲಯ ಸಂಗ್ರಹಿಸುತ್ತದೆಂದು ಕಾಯುವಂತಿಲ್ಲ, ತಾಲ್ಲೂಕಿನ ಗ್ರಂಥಾಲಯ ಕೂಡಿಡದಿದ್ದರೆ ಬೇರೆ ಯಾರೂ ಇಡುವುದಿಲ್ಲ. ಈ ಹಂಗಾಮಿನಿಂದಲೇ ಪ್ರತಿ ಮೇಳದ ಎರಡು ಕರಪತ್ರ, ಪಾಲಿಯೆಸ್ಟರ್ ಹೊದಿಕೆಯಲ್ಲಿ, ಮಡಚದೆ, ಹಿಂಬದಿಯಲ್ಲಿ ಮೆದು ಪೆನ್ಸಿಲಿನಿಂದ ಸಿಕ್ಕ ಊರು ಮತ್ತು ದಿನಾಂಕ.

ಸೋದೆ ದಾರಿ
ಮಕ್ಕಳಿಗೆ ಓಲೆ ಬರೆಯುವ ಕಮ್ಮಟ ಇಟ್ಟರೆ ಗರಿ ಈಗಲೇ ತಯಾರಾಗಬೇಕು. ಎಳೆ ಓಲೆ ಕತ್ತರಿಸಿ, ನಡುಕಡ್ಡಿ ತೆಗೆದು, ಅರಿಶಿನ ಹಾಕಿದ ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಭಾರದ ಕೆಳಗೆ ಚಪ್ಪಟೆಯಾಗಿಸಿ, ನಯವಾದ ಕಲ್ಲಿನಿಂದ ತಿಕ್ಕಬೇಕು. ಮೂರ್ನಾಲ್ಕು ವಾರ ಹಿಡಿಯುತ್ತದೆ, ಬಿಸಿಲಿಗೆ ಹಾಕಿದರೆ ಸುರುಳಿಯಾಗುತ್ತದೆ. ಒಬ್ಬರಿಗೆ ಎರಡು ಗರಿ, ತಂಡಕ್ಕೆ 15 ಮಕ್ಕಳು. ಬರೆದಾದ ಮೇಲೆ ದೀಪದ ಕಾಡಿಗೆಗೆ ಎಳ್ಳೆಣ್ಣೆ ಬೆರೆಸಿ ಸವರಿ, ಒಣ ಬಟ್ಟೆಯಿಂದ ಒರೆಸಿದಾಗ ಅಕ್ಷರ ಎದ್ದು ಬರುತ್ತದೆ. ನಾರಿನ ಗುಂಟ ನೇರ ಗೆರೆ ಎಳೆದರೆ ಓಲೆ ಸೀಳುವುದನ್ನು ಮಕ್ಕಳೇ ಕಂಡುಕೊಳ್ಳಲಿ, ಹೇಳಿಕೊಡುವ ಅವಸರ ಬೇಡ. ಕೈಗೆಲ್ಲ ಕಾಡಿಗೆ ಆಗುವುದರಿಂದ ಕಮ್ಮಟ ಮುಗಿಸಿ ಕೈ ತೊಳೆದ ಮೇಲೆಯೇ ಪ್ರದರ್ಶನದ ಕೋಣೆಗೆ.

ಗಂಗಾವಳಿ ದಂಡೆ
ಕರಪತ್ರ, ಜಮೀನು ಪತ್ರ ನಕಲಾಗಿಯೇ ಇಡುತ್ತೇವೆ. ಪೆಟ್ಟಿಗೆ ನಾಲ್ಕಕ್ಕೆ ಇಳಿಸಿದ್ದೇವೆ. ಕಾರವಾರದಿಂದ ಶಿರಸಿಗೆ ಸಾಗಿಸುವ ಕ್ರಮ ಮಾತ್ರ ಉಳಿಯಿತು.

ಸದಾಶಿವಗಡ
ನಾಲ್ಕಾದರೆ ಜೆಲ್ 17.3 ಕಿಲೋ ಸಾಕು, ಉಳಿದದ್ದನ್ನು ಹದ ಮಾಡಿ ಡಬ್ಬಿಯಲ್ಲಿ ಕಾದಿರಿಸಿ. ಶಿರಸಿಗೆ ಸೇರಿದ ಮೊದಲ ವಾರ ಬದಲಿಸಬೇಕಾಗಬಹುದು.

ಪ್ರದರ್ಶನದ ಪೆಟ್ಟಿಗೆಯಲ್ಲೇ ವಸ್ತು ಸಾಗಿಸಬೇಡಿ. ಪ್ರತಿ ವಸ್ತುವಿಗೂ ಮುಚ್ಚಳ ಬಿಗಿಯಾಗುವ ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಪಾಲಿಥಿನ್ ಫೋಮ್ ಕೊರೆದು ಮಾಡಿದ ಗುಳಿ, ಮೂಲೆಯಲ್ಲಿ 200 ಗ್ರಾಂ ಹದವಾದ ಜೆಲ್. ಕಡತ ಮಾತ್ರ ಅಡ್ಡ ಮಲಗಿ, ಬರಹ ಮೇಲ್ಮುಖವಾಗಿ, ಮೇಲೆ ಯಾವುದೂ ತಾಗದಂತೆ ಇರಬೇಕು. ಥರ್ಮೋಕೋಲ್ ಬಳಸಬೇಡಿ, ಅದರ ಸ್ಥಿರ ವಿದ್ಯುತ್ ಅಕ್ರಿಲಿಕ್ಕಿನಷ್ಟೇ ಕೆಟ್ಟದ್ದು. ಕುಮಟಾದಿಂದ ದೇವಿಮನೆ ಘಟ್ಟ ಹತ್ತುವಾಗ ತಿರುವು ಬಹಳ, ಪೆಟ್ಟಿಗೆಗಳನ್ನು ಸೀಟಿನ ಮೇಲಲ್ಲ, ಗಾಡಿಯ ನೆಲದಲ್ಲಿ ಇಟ್ಟು ಪಟ್ಟಿಯಿಂದ ಕಟ್ಟಿ. ಗಾಡಿಯ ಏಸಿ ಬೇಡ, ಬಿಸಿಲಲ್ಲಿ ನಿಲ್ಲಿಸಿ ಚಹಾ ಕುಡಿಯುವುದೂ ಬೇಡ, ಬೆಳಿಗ್ಗೆ ಬೇಗ ಹೊರಟು ಒಂದೇ ಓಟದಲ್ಲಿ ಮುಟ್ಟಿ.

ಶಿರಸಿಯಲ್ಲಿ ಇಳಿಸಿದ ಮೇಲೆ 24 ತಾಸು ಯಾವ ಪೆಟ್ಟಿಗೆಯನ್ನೂ ತೆರೆಯಬಾರದು. ಆ ಹೊತ್ತಿನಲ್ಲಿ ಪ್ರದರ್ಶನದ ಪೆಟ್ಟಿಗೆಗೆ ಜೆಲ್ ತುಂಬಿ, ಖಾಲಿ ಇರುವಾಗಲೇ ಮಾಪಕ 55ರಲ್ಲಿ ನಿಂತಿದೆಯೇ ನೋಡಿ. ಘಟ್ಟದ ಮೇಲೆ ಫೆಬ್ರವರಿಯ ಮಧ್ಯಾಹ್ನ ಗಾಳಿ ಕಾರವಾರಕ್ಕಿಂತ ಒಣ. ಅಲ್ಲಿ ತೇವ ಇಳಿಯುವುದರ ಮೇಲೆ ಕಣ್ಣಿರಲಿ, 45ರ ಕೆಳಗೆ ಹೋದರೆ ತಟ್ಟೆಯಲ್ಲಿ ಅರ್ಧ ಕಿಲೋ ಜೆಲ್ ತೆಗೆದು, ರಾತ್ರಿ ಹೊರಗಿನ ಗಾಳಿ ಕುಡಿದದ್ದನ್ನು ಹಾಕಿ. ಮಾರಿಕಾಂಬಾ ಜಾತ್ರೆ ಇರುವ ವರ್ಷವಾದರೆ ಜನರೂ ಧೂಳೂ ಒಟ್ಟಿಗೆ ಬರುತ್ತಾರೆ. ಬಾಗಿಲಲ್ಲಿ ಒದ್ದೆ ಚಾಪೆ ಬೇಡ, ಒಣ ತೆಂಗಿನ ನಾರಿನ ಚಾಪೆ ಹಾಕಿ. ಒಳಗೆ ಒಂದು ಹೊತ್ತಿಗೆ 25 ಜನಕ್ಕಿಂತ ಹೆಚ್ಚು ಬಿಡಬೇಡಿ. ಮಾಪಕದ ಅಂಕಿಯನ್ನು ಬೆಳಿಗ್ಗೆ ಬಾಗಿಲು ತೆರೆಯುವಾಗ ಒಮ್ಮೆ, ಸಂಜೆ ಮುಚ್ಚುವಾಗ ಒಮ್ಮೆ ವಹಿಯಲ್ಲಿ ಬರೆದಿಡಿ. ಮುಂದಿನ ಸಲ ಆ ಮನೆಗಳವರು ವಸ್ತು ಕೊಡುವುದೋ ಬೇಡವೋ ಎಂದು ಯೋಚಿಸುವಾಗ ಅವರಿಗೆ ತೋರಿಸಬೇಕಾದ್ದು ಆ ವಹಿ.